ಒಂದು ಒಂಬತ್ತಾದ ಚೀನಾ

ಆತಂಕಪಡುವುದಕ್ಕೆ ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಕಾರಣ ಬೇಡ, ಬಿಡುವಿದ್ದರೆ ಸಾಕು. ಮಂಜೂರಿನಿಂದ ಬರುವ ಬಸ್ಸು ಹತ್ತು ನಿಮಿಷ ತಡವಾದರೆ ಯಾವುದೋ ತಿರುವಿನಲ್ಲಿ ಏನೋ ಆಗಿದೆ ಎಂದುಕೊಳ್ಳುತ್ತೇನೆ. ಸರಿಯಾದ ಹೊತ್ತಿಗೆ ಬಂದುಬಿಟ್ಟರೆ, ಇಷ್ಟು ಜೋರಾಗಿ ಯಾಕೆ ಓಡಿಸಿಕೊಂಡು ಬಂದ ಎಂದು ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿರುತ್ತೇನೆ. ಇಂಥವಳ ಕೈಗೆ ಯಾರಾದರೂ ಒಂದು ಸಾಮ್ರಾಜ್ಯ ಕೊಡುತ್ತಾರೆಯೇ? ಕೊಟ್ಟರು. ಅದೂ ಚೀನಾ ದೇಶದ್ದು.

ನಾನು ನೀಲಗಿರಿ ಬೆಟ್ಟದ ಇತ್ತಲಾರಿನ ಸೊಸೆ. ಮನೆಯವರಿಗೆ ಒಂದಿಷ್ಟು ಚಹಾ ತೋಟ, ನನಗೆ ಮೈಸೂರಿನಲ್ಲಿ ಓದಿದ ಕನ್ನಡ ಎಂ.ಎ. ತೋಟಕ್ಕೆ ಗಿರಾಕಿ ಇದ್ದಾರೆ, ಎಂ.ಎ.ಗೆ ಬಹಳ ಕಾಲ ಯಾರೂ ಸಿಕ್ಕಿರಲಿಲ್ಲ. ಕಡೆಗೆ ಒಂದು ಅನುವಾದದ ಕಂಪನಿ ಸಿಕ್ಕಿತು. ಮಿಕ್ಸಿಯ ಜಾರನ್ನು ಹೇಗೆ ತೊಳೆಯಬೇಕು, ಕುಕ್ಕರಿನ ಮುಚ್ಚಳವನ್ನು ಯಾವಾಗ ತೆಗೆಯಬಾರದು ಇತ್ಯಾದಿಗಳನ್ನು ಮನೆಯಲ್ಲೇ ಕೂತು ಕನ್ನಡಕ್ಕೆ ತರುತ್ತಿದ್ದೆ. ಎಲ್ಲ ಎಚ್ಚರಿಕೆಯ ಮಾತುಗಳೇ ಆದ್ದರಿಂದ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಅಷ್ಟರಲ್ಲಿ ಕಂಪನಿಯ ಸಹನಾ ಫೋನ್ ಮಾಡಿದಳು. ಹುಬ್ಬಳ್ಳಿಯ ಹುಡುಗಿ, ನನ್ನ ಕನ್ನಡವನ್ನು ತಿದ್ದುವವಳು. "ಮ್ಯಾಡಮ್, ಒಂದ್ ವಿಡಿಯೋ ಗೇಮ್ ಬಂದೈತ್ರಿ. ಹಳೇ ಕಾಲದ ರಾಜರದು. ಊರು ಕಟ್ಟೋದು, ಸೈನ್ಯಾ ಸಾಕೋದು, ಪಕ್ಕದ ರಾಜನ ಕೂಡ ಸಂಧಾನ, ಆಗಲಿಲ್ಲಂದ್ರ ಯುದ್ಧ. ಚೀನಾದ ಭಾಗ ನಿಮಗ."

ಒಪ್ಪಿಕೊಂಡ ಮೇಲೆ ಷರತ್ತಿನ ಕಾಗದ ಬಂತು. ಚೀನಾದ ಸಂಸ್ಕೃತಿಗಳನ್ನು ಗೌರವದಿಂದ, ತಪ್ಪಿಲ್ಲದೆ ಚಿತ್ರಿಸಬೇಕು; ಮಲೇಷ್ಯಾದಲ್ಲಿರುವ ಮೇಯಿ ಎಂಬ ಚೀನೀ ಮೂಲದ ಸಲಹೆಗಾರ್ತಿ ಪ್ರತಿ ಸಾಲನ್ನೂ ಅರ್ಥ ಕೇಳಿ ಪರೀಕ್ಷಿಸುತ್ತಾರೆ; ಅವರು ಬೇಡವೆಂದರೆ ಕೆಲಸ ಬೇರೆಯವರಿಗೆ. ಅದನ್ನು ಮೂರು ಸಲ ಓದಿದೆ. ಚೀನಾದ ಬಗ್ಗೆ ನನಗೆ ಗೊತ್ತಿದ್ದದ್ದಾದರೂ ಏನು? ನಮ್ಮ ಚಹಾ ಗಿಡದ ಪೂರ್ವಿಕರು ಅಲ್ಲಿಯವರು ಎಂಬುದು ಒಂದು. ನಮ್ಮ ಬೆಟ್ಟದಲ್ಲೇ ನಡುವಟ್ಟಂ ಕಡೆ ಬ್ರಿಟಿಷರು ಚೀನೀ ಕೈದಿಗಳನ್ನು ತಂದು ತೋಟದಲ್ಲಿ ದುಡಿಸಿದ್ದರಂತೆ ಎಂಬುದು ಇನ್ನೊಂದು. ಮೂರನೆಯದು ಊಟಿಯ ಹೋಟೆಲುಗಳ ಗೋಬಿ ಮಂಚೂರಿ. ಈ ಮೂರನ್ನು ಇಟ್ಟುಕೊಂಡು ಸಾಮ್ರಾಜ್ಯ ಕಟ್ಟಲು ಹೊರಟಿದ್ದೆ.

ಆದರೆ ಒಂದು ಧೈರ್ಯವಿತ್ತು. ಒಂದು ಜನವನ್ನು ಇನ್ನೊಂದು ಜನವೆಂದು ತಿಳಿದರೆ ಎಷ್ಟು ಉರಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾವು ಬಡಗರು. ಮೈಸೂರಿನ ಹಾಸ್ಟೆಲಿನಲ್ಲಿ "ಊಟಿಯವಳಾ? ಹಾಗಾದರೆ ತಮಿಳಿನವಳು" ಎಂದರು. ಕೊಯಮತ್ತೂರಿನ ಬಟ್ಟೆ ಅಂಗಡಿಯಲ್ಲಿ ಅತ್ತೆಯ ಜೊತೆ ಮಾತಾಡಿದ್ದನ್ನು ಕೇಳಿ "ನೀಂಗ ಕನ್ನಡವಾ?" ಎಂದರು. ನಮ್ಮ ಮೇಷ್ಟ್ರೊಬ್ಬರಂತೂ ನನ್ನ ತಾಯ್ನುಡಿಯನ್ನು ಬೆಟ್ಟ ಹತ್ತಿ ದಾರಿ ತಪ್ಪಿದ ಹಳಗನ್ನಡ ಎಂದು ತರಗತಿಗೆಲ್ಲ ಪರಿಚಯಿಸಿ, ಎದ್ದು ನಿಂತು ನಾಲ್ಕು ಮಾತಾಡು ಎಂದಿದ್ದರು. ಅಂದಿನಿಂದ ನನ್ನ ಬಳಿ ಒಂದು ಭಾಷಣ ಸಿದ್ಧವಿದೆ. ನಾವು ಯಾರು, ಯಾರಲ್ಲ, ನಮ್ಮ ಮಾತು ಯಾವುದು ಎಂದು ಹತ್ತು ನಿಮಿಷದ್ದು. ಯಾರು ತಪ್ಪು ಹೇಳಿದರೂ ಬಿಡುವುದಿಲ್ಲ. ಇಂಥ ನಾನು ಪಾಪ, ಆ ಚೀನೀಯರಿಗೆ ಅನ್ಯಾಯ ಮಾಡುವೆನೇ?

ಶ್ರದ್ಧೆಯಿಂದಲೇ ಬರೆದೆ. ಆಟದಲ್ಲಿ ನಾಲ್ಕು ಆಸ್ಥಾನಗಳಿದ್ದವು. ಪಕ್ಕದ ರಾಜ್ಯದ ದೂತ ಒಂದು ಕುದುರೆಯನ್ನು ಕಾಣಿಕೆಯಾಗಿ ತಂದು, ಎರಡೂ ಕೈ ಜೋಡಿಸಿ, ರಾಜನ ಮುಂದೆ ತಲೆ ಬಾಗಿಸುತ್ತಾನೆ. ರಾಜ ಏನೋ ಹೇಳಬೇಕು. ಏನು ಎಂದು ಮೂಲದಲ್ಲಿರಲಿಲ್ಲ. 'ಅರಸನ ಗಂಭೀರ ಪ್ರತ್ಯುತ್ತರ' ಎಂದಷ್ಟೇ ಇತ್ತು. ನಮ್ಮ ಹಟ್ಟಿಯಲ್ಲಿ ಕಿರಿಯರು ಹಿರಿಯರನ್ನು ಕಂಡರೆ ತಲೆ ಬಾಗಿಸುತ್ತಾರೆ, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು 'ಒಂದು ಒಂಬತ್ತಾಗಲಿ' ಎಂದು ಹರಸುತ್ತಾರೆ. ಮನೆ ಬೆಳೆಯಲಿ, ಮಂದಿ ಹೆಚ್ಚಲಿ ಎಂದರ್ಥ. ಬಾಗಿದ ತಲೆ ಕಂಡರೆ ನನ್ನ ಕೈ ಇನ್ನೇನು ಬರೆದೀತು? ನಾಲ್ಕೂ ರಾಜರ ಬಾಯಲ್ಲಿ ಅದನ್ನೇ ಹಾಕಿದೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಓದಿ ಹೇಳಿದೆ. "ಒಳ್ಳೆ ರಾಜ, ಕೂಸೆ. ಮರಿಯಾದೆ ಅರಿದವ" ಎಂದರು. ಅತ್ತೆ ಒಪ್ಪಿದ ಮೇಲೆ ಚೀನಾ ಒಪ್ಪದಿರುವುದುಂಟೇ ಎಂದು ಕಳುಹಿಸಿಬಿಟ್ಟೆ.

ವಾರದ ನಂತರ ಸಹನಾಳ ಫೋನು. "ಮ್ಯಾಡಮ್, ನಿಮ್ಮ ರಾಜಾ ಎಂಥಾ ಆಶಾಬುರಕ ಅದಾನ್ರಿ! ಒಂದ್ ಕುದರಿ ತಂದ್ರ ಒಂಬತ್ತ ಆಗಲಿ ಅಂತಾನ. ಆಡಿ ನೋಡಿದವರೆಲ್ಲಾ ಸಿಟ್ಟಿಗೆದ್ದು ಯುದ್ಧಾ ಸಾರ್ಯಾರ. ಸಂಧಾನದ ಆಟಾನ ಮುಂದ ಹೋಗವಲ್ದು."

ಅದು ಆಶೀರ್ವಾದ ಎಂದೆ. "ಅಯ್ಯ, ಯಾರ ಆಶೀರ್ವಾದರಿ? ಚೀನಾದವರದಾ?" ಎಂದಳು. ನಾನು ಕೆಮ್ಮಿದೆ. ಮೇಯಿ ಅವರು ನನ್ನೊಡನೆ ನೇರವಾಗಿ ಮಾತಾಡಬೇಕಂತೆ, ಮೂರು ದಿನ ಬಿಟ್ಟು ವಿಡಿಯೋ ಕರೆ ಎಂದು ಹೇಳಿ ಇಟ್ಟಳು.

ಆ ಮೂರು ದಿನ ನಾನು ನಾನಾಗಿರಲಿಲ್ಲ. ಒಂದು ಇಡೀ ಜನವನ್ನು ದುರಾಸೆಯವರೆಂದು ತೋರಿಸಿದ ಪಾಪ ನನ್ನ ತಲೆಗೆ ಬಂದಿತ್ತು. ನಮ್ಮನ್ನು ಯಾರಾದರೂ ಹೀಗೆ ಚಿತ್ರಿಸಿದ್ದರೆ ನಾನು ಅವರನ್ನು ಸುಮ್ಮನೆ ಬಿಡುತ್ತಿದ್ದೆನೇ? ಸಾರಿಗೆ ಉಪ್ಪು ಎರಡು ಸಲ ಹಾಕಿದೆ, ಮರುದಿನ ಹಾಕಲೇ ಇಲ್ಲ. ಮನೆಯವರು ಎರಡನ್ನೂ ಬಾಯಿ ಮುಚ್ಚಿಕೊಂಡು ಉಂಡರು. ಕ್ಷಮೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಉರುಹೊಡೆದೆ. ಕೈ ಜೋಡಿಸಿದರೆ ಸಾಕೋ, ಬಾಗಬೇಕೋ, ಬಾಗಿದರೆ ಎಷ್ಟು ಎಂದು ಕನ್ನಡಿಯ ಮುಂದೆ ಪ್ರಯೋಗ ಮಾಡಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಬೆನ್ನು ನೋವಿಗೆ ಎಣ್ಣೆ ಬಿಸಿ ಮಾಡಲು ಹೋದರು.

ಕರೆಯ ದಿನ ಮಧ್ಯಾಹ್ನ ತೆರೆಯ ಮೇಲೆ ಬಂದವರು ನನ್ನ ವಯಸ್ಸಿನ, ಕನ್ನಡಕದ, ನಗುಮುಖದ ಹೆಂಗಸು. ಈ ಒಂಬತ್ತು ಎಲ್ಲಿಂದ ಬಂತು ಎಂದು ಕೇಳಿದರು. ಉರುಹೊಡೆದದ್ದೆಲ್ಲ ಮರೆತುಹೋಯಿತು. ಹಟ್ಟಿ, ತಲೆ, ಕೈ, ಅತ್ತೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಜೋರಾಗಿ ನಕ್ಕರು. ಚೀನೀ ಭಾಷೆಯಲ್ಲಿ ಒಂಬತ್ತು ಎಂಬ ಮಾತೂ ಬಹುಕಾಲ ಎಂಬ ಮಾತೂ ಒಂದೇ ರೀತಿ ಕೇಳಿಸುತ್ತವಂತೆ, ಅದಕ್ಕೇ ಅದು ಶುಭವಂತೆ. ಗೆದ್ದೆ ಎಂದುಕೊಂಡು, "ನೋಡಿದಿರಾ, ನಿಮ್ಮ ಜನ ನಮ್ಮ ಜನ ಎಲ್ಲ ಒಂದೇ" ಎಂದುಬಿಟ್ಟೆ.

"ಯಾವ ನಮ್ಮ ಜನ?" ಎಂದರು ಮೇಯಿ. ಆ ನಾಲ್ವರಲ್ಲಿ ಒಬ್ಬ ರಾಜ ಉತ್ತರದ ಹುಲ್ಲುಗಾವಲಿನ ಖಿತಾನರವನು, ಅವನ ಮಾತು ಚೀನೀ ಭಾಷೆಯೇ ಅಲ್ಲ, ಮಂಗೋಲರ ಮಾತಿಗೆ ಹತ್ತಿರ. ಒಂಬತ್ತರ ಆ ಶ್ಲೇಷೆ ಅವನ ಕಿವಿಗೆ ಬೀಳುವುದೇ ಇಲ್ಲ. ನಾಲ್ಕು ಆಸ್ಥಾನಗಳನ್ನು ಬೇರೆ ಬೇರೆಯಾಗಿ ಇಟ್ಟದ್ದೇ ಅದಕ್ಕೆ, ನೀವು ನಾಲ್ವರಿಗೂ ಒಂದೇ ಮಾತು ಕೊಟ್ಟಿದ್ದೀರಿ ಎಂದರು. ಕೋಪವಿರಲಿಲ್ಲ, ಅಭ್ಯಾಸವಾದ ಆಯಾಸವಿತ್ತು. ಆ ಆಯಾಸದ ಗುರುತು ನನಗೆ ಚೆನ್ನಾಗಿ ಸಿಕ್ಕಿತು. "ನನ್ನನ್ನೇ ನೋಡಿ. ಎಲ್ಲರಿಗೂ ನಾನು ಬರೀ ಚೀನೀ. ನಾನು ಹಕ್ಕಾ" ಎಂದರು.

"ನೂಡಲ್ಸಾ?" ಎಂದೆ.

ದೇವರಾಣೆ, ಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿತು. ಒಂದು ಕ್ಷಣ ತೆರೆಯ ಮೇಲೆ ಏನೂ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಗಿರಲಿ ಎಂದು ಹರಕೆ ಹೊತ್ತೆ. ಹೋಗಿರಲಿಲ್ಲ. ಹಕ್ಕಾ ಎಂದರೆ ಅತಿಥಿ ಮನೆತನದವರು, ಬಹಳ ಹಿಂದೆ ಬಡಗಣ ದಿಕ್ಕಿನಿಂದ ವಲಸೆ ಬಂದವರು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ನಾನು ಕುಣಿದಾಡಿಬಿಟ್ಟೆ. ಬಡಗರೆಂದರೂ ಅದೇ, ಬಡಗಲಿಂದ ಬಂದವರು! ಸಿಕ್ಕಿದ್ದೇ ಸಂದು ಎಂದು ನನ್ನ ಹತ್ತು ನಿಮಿಷದ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು. ಕೇಳಿ, "ನಿಮ್ಮ ಬೆಟ್ಟದಲ್ಲಿ ಬೇರೆ ಜನರೂ ಇದ್ದಾರಲ್ಲವೇ? ಅವರು ಹರಸುವಾಗ ಏನು ಹೇಳುತ್ತಾರೆ?" ಎಂದರು.

ತೋಡರು, ಕೋತರು, ಕುರುಂಬರು, ಇರುಳರು. ಹೆಸರುಗಳೇನೋ ನಾಲಗೆಯ ತುದಿಯಲ್ಲಿದ್ದವು. ಅವರು ಏನು ಹೇಳಿ ಹರಸುತ್ತಾರೆ? ಹುಟ್ಟಿದಂದಿನಿಂದ ಈ ಬೆಟ್ಟದಲ್ಲಿದ್ದೇನೆ, ಕೇಳಿಲ್ಲ. ಲೈನು ಸರಿಯಿಲ್ಲ ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ.

ಕೆಲಸ ಕೈತಪ್ಪಲಿಲ್ಲ. ಮೇಯಿ ಕಳುಹಿಸಿದ ಟಿಪ್ಪಣಿಗಳನ್ನು ಓದಿ ನಾಲ್ವರು ರಾಜರಿಗೂ ನಾಲ್ಕು ಬಗೆಯ ಉತ್ತರ ಬರೆದೆ. ಖಿತಾನರ ಅರಸ ಈಗ ಕುದುರೆಯನ್ನು ಹೊಗಳಿ ದೂತನಿಗೆ ಊಟ ಹಾಕಿಸುತ್ತಾನೆ. ಯುದ್ಧ ನಿಂತಿದೆ ಎಂದು ಸಹನಾ ಹೇಳಿದಳು. ಆದರೆ ಆ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ನಮ್ಮ ತೋಟಕ್ಕೆ ಎಲೆ ಕೊಯ್ಯಲು ಪೊನ್ನಿ ಬರುತ್ತಾಳೆ. ಮೋಯಾರ್ ಕಡೆಯವಳು, ಆರು ವರ್ಷದಿಂದ ನಮ್ಮಲ್ಲೇ ಕೆಲಸ. ಒಂದು ದಿನ ಬೆಳಿಗ್ಗೆ ಚಹಾ ಲೋಟ ಹಿಡಿದು ಅವಳ ಸಾಲಿಗೇ ಹೋದೆ.

"ಪೊನ್ನಿ, ನಿಮ್ಮ ಕುರುಂಬರಲ್ಲಿ ದೊಡ್ಡವರು ಚಿಕ್ಕವರನ್ನ ಹರಸುವಾಗ ಏನು ಹೇಳ್ತಾರೆ?" ಎಂದೆ, ಬಹಳ ಗೌರವದಿಂದ.

ಅವಳು ಎಲೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಎನಗೆ ಗೊತ್ತಿಲ್ಲೆ, ಅಕ್ಕ. ನಾ ಇರುಳತ್ತಿ."

ಆರು ವರ್ಷದಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಆಕ್ಷೇಪಣೆಯೂ ಇತ್ತು, ತಪ್ಪು ಅವಳದೇ ಎಂಬಂತೆ. ಪೊನ್ನಿ ಬುಟ್ಟಿಗೆ ಒಂದು ಹಿಡಿ ಎಲೆ ಹಾಕಿ, ಮೊದಲ ಸಲ ನನ್ನ ಮುಖ ನೋಡಿ ನಕ್ಕಳು.

"ನಿಮ್ಮ ಮನೆಗೆ ನೆಂಟರು ಬಂದಾಗೆಲ್ಲ ನನ್ನ ಕರೆದು ನಿಲ್ಲಿಸಿ, ಕುರುಂಬರು ಹಿಂಗೆ, ಕುರುಂಬರ ಜೇನು ಹಂಗೆ ಅಂತ ಎಷ್ಟು ಚೆನ್ನಾಗಿ ಭಾಷಣ ಮಾಡ್ತಿದ್ದಿರಿ ಅಕ್ಕ! ನಡುವೆ ಬಾಯಿ ಹಾಕಿದರೆ ನಿಮಗೆ ನಾಚಿಕೆ ಆಗ್ತದೆ ಅಂತ ಸುಮ್ಮನಿದ್ದೆ. ಜೇನು ನಾವೂ ತೆಗೀತೀವಲ್ಲ."