ದರ್ಜಿಯ ಕಿತ್ತಳೆ ಅಂಗೈ

ಸೂಜಿಯ ಕಣ್ಣಿಗೆ ಏಳು ಸಲ ಗುರಿಯಿಟ್ಟು ಏಳು ಸಲವೂ ಗಾಳಿಗೇ ದಾರ ಪೋಣಿಸಿದ ಗಂಡನನ್ನು ನೋಡಿ, ದರ್ಜಿಯ ಹೆಂಡತಿ ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದಳು, "ರೀ, ಒಂದು ಕನ್ನಡಕ ತಗೊಳ್ಳಿ."

"ಕನ್ನಡಕದ ದರ್ಜಿಗೆ ಯಾರೇ ಬಟ್ಟೆ ಕೊಡ್ತಾರೆ? ನಾನು ವಿಟಮಿನ್ ತಗೋತೀನಿ."

ಅಂಗಡಿಯವನು ಗುಂಡಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ಅವನು ಓದಿದ್ದ (ಕೈ ಎಷ್ಟು ಉದ್ದವೋ ಅಷ್ಟು ದೂರ ಹಿಡಿದು). ಕ್ಯಾರೆಟ್ಟಿನ ಬಣ್ಣದಿಂದ ದೇಹ ಎ ವಿಟಮಿನ್ ಮಾಡಿಕೊಳ್ಳುತ್ತದಂತೆ, ಅದಿಲ್ಲದೆ ಕಣ್ಣು ನಡೆಯದಂತೆ. ಮಣ್ಣಿನ ಕತ್ತಲಲ್ಲಿ ಬೆಳೆದದ್ದು ಕಣ್ಣಿಗೆ ಬೆಳಕಾಗುವುದೆಂದರೆ ಸಾಮಾನ್ಯವೇ? ಅವನ ಮೈ ಜುಮ್ಮೆಂದಿತು. ಅಂದಿನಿಂದ ದಿನಕ್ಕೊಂದು ಕಿಲೋ. ಅರ್ಧ ಅವನಿಗೆ, ಅರ್ಧ ಹೆಂಡತಿಗೆ. ಅವಳು ಬೇಡವೆಂದರೆ ಮುಖ ಊದಿಸಿಕೊಳ್ಳುತ್ತಿದ್ದ.

ಎರಡು ತಿಂಗಳಾದ ಮೇಲೆ, "ಈಗ ಇರುವೆಯ ಕಾಲೂ ಎಣಿಸ್ತೀನಿ," ಎಂದು ಸಾರಿದ.

ಆಗಲೇ ಡಾಕ್ಟರಮ್ಮ ಬಂದದ್ದು. ಆಸ್ಪತ್ರೆಗೆ ಹನ್ನೆರಡು ಬಿಳಿ ಕೋಟು ಬೇಕಿತ್ತು. ಮಾದರಿಗೆ ಹೊಲಿದ ಮೊದಲನೆಯದು ಹಿಡಿಸಿದರೆ ಉಳಿದ ಹನ್ನೊಂದೂ ಅವನಿಗೇ. ಅದು ಸಿದ್ಧವಾದ ದಿನ, ಡಾಕ್ಟರಮ್ಮನಿಗೆ ತೊಡಿಸಲು ಚಾಚಿದ ದರ್ಜಿಯ ಅಂಗೈ ಬಿಳಿ ಬಟ್ಟೆಯ ಮೇಲೆ ಕಿತ್ತಳೆಯಾಗಿ ಹೊಳೆಯಿತು. ಅವರು ಗಾಬರಿಯಿಂದ ಅವನ ಕಣ್ಣರೆಪ್ಪೆ ಎಳೆದು ನೋಡಿದರು.

"ಕಾಮಾಲೆ ಅಲ್ಲ. ಕ್ಯಾರೆಟ್ ಎಷ್ಟು ತಿಂತೀರಿ?"

ಅವನು ಹೇಳಿದ.

"ದೇಹ ತನಗೆ ಬೇಕಾದಷ್ಟೇ ವಿಟಮಿನ್ ಮಾಡ್ಕೊಳ್ಳುತ್ತೆ. ಮಿಕ್ಕ ಬಣ್ಣ ಚರ್ಮದಲ್ಲಿ ಇಟ್ಕೊಂಡಿದೆ. ಕಡಿಮೆ ಮಾಡಿ, ಹೋಗುತ್ತೆ."

ದರ್ಜಿ ಬೆರಗಾಗಿ ನಿಂತ. ಅಳೆದು, ಬೇಕಾದಷ್ಟು ಕತ್ತರಿಸಿ, ಮಿಕ್ಕ ತುಂಡನ್ನು ಯಾರಿಗೂ ಹೇಳದೆ ಒಳಗಿಟ್ಟುಕೊಳ್ಳುವುದು ತನ್ನದೇ ಕಸುಬಲ್ಲವೇ! ಹೆಂಡತಿ ಕೂತಿದ್ದ ಒಳಕೋಣೆಯ ಪರದೆಯತ್ತ ಬಗ್ಗಿ ಪಿಸುಗುಟ್ಟಿದ, "ನನ್ನೊಳಗೂ ಒಬ್ಬ ದರ್ಜಿ ಇದ್ದಾನೆ ಕಣೇ."

"ಅವನಿಗಾದ್ರೂ ಕಣ್ಣು ಕಾಣುತ್ತಲ್ಲ," ಎಂದಳು ಹೆಂಡತಿ ಪರದೆಯ ಹಿಂದಿನಿಂದಲೇ.

ಡಾಕ್ಟರಮ್ಮ ಪೆನ್ನನ್ನು ಕೋಟಿನ ಜೇಬಿಗಿಳಿಸಲು ಹೋದರು. ಇಳಿಯಲಿಲ್ಲ. ಜೇಬಿನ ಬಾಯಿಯನ್ನೂ ಅವನು ಒತ್ತೊತ್ತಾಗಿ, ಬಲು ಅಂದವಾಗಿ ಹೊಲಿದುಬಿಟ್ಟಿದ್ದ.

"ವಯಸ್ಸಾದ ಕಣ್ಣಿಗೆ ಕ್ಯಾರೆಟ್ ಮದ್ದಲ್ಲ. ಕನ್ನಡಕ ಹಾಕೊಳ್ಳಿ. ಉಳಿದ ಕೋಟಿನ ಮಾತು ಆಮೇಲೆ."

ಮರುದಿನವೇ ಕನ್ನಡಕ ಬಂತು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಅವನು ಹೆಮ್ಮೆಯಿಂದ ತಲೆಯೆತ್ತಿದ. ಎದುರಿಗೆ ಕೂತು ಕಾಜಾ ಹಾಕುತ್ತಿದ್ದ ಹೆಂಡತಿಯ ಮೂಗು, ಅಂಗೈ, ಎಲ್ಲ ಅಚ್ಚ ಕಿತ್ತಳೆ.

"ಇದು... ಯಾವಾಗಿಂದ?"

"ತಿಂಗಳ ಮೇಲಾಯ್ತು," ಎಂದಳು ಅವಳು, ದಾರ ಕಚ್ಚಿ ಕಡಿಯುತ್ತ. "ನಿಮ್ಮ ವಿಟಮಿನ್ ಕೆಲಸ ಮಾಡಿದ ದಿನ ನೀವೇ ನೋಡ್ತೀರಿ ಅಂತ ಸುಮ್ಮನಿದ್ದೆ."