ಎರಡೂವರೆ ಸಾವಿರ ಫ್ರಾಂಕಿನಷ್ಟು ಕಾಯಿಲೆ

ಬೇರೆ ದೇಶಗಳಲ್ಲಿ ಮನುಷ್ಯ ಮೊದಲು ಕಾಯಿಲೆ ಬೀಳುತ್ತಾನೆ, ಆಮೇಲೆ ಖರ್ಚಿನ ಯೋಚನೆ ಮಾಡುತ್ತಾನೆ. ಸ್ವಿಟ್ಜರ್‌ಲೆಂಡಿನಲ್ಲಿ ಹಾಗಿಲ್ಲ. ಮುಂದಿನ ವರ್ಷ ತಾನೆಷ್ಟು ಕಾಯಿಲೆ ಬೀಳಲಿದ್ದೇನೆ ಎಂದು ಈಗಲೇ ಲೆಕ್ಕ ಹಾಕಿ ವಿಮಾ ಕಂಪನಿಗೆ ಅರಿಕೆ ಮಾಡಿಕೊಳ್ಳಬೇಕು. ಹೆಂಡತಿ ಗ್ರಾಸಿಯೆಟಳನ್ನು ಕಟ್ಟಿಕೊಂಡು ಪೋರ್ಚುಗಲ್ಲಿನಿಂದ ಇಲ್ಲಿನ ಲೊಸಾನ್ ನಗರಕ್ಕೆ ಬಂದು ಟೈಲ್ಸ್ ಕೂರಿಸುವ ಕೆಲಸ ಹಿಡಿದ ನನ್ನ ತಲೆಗೆ ಈ ಜ್ಯೋತಿಷ್ಯದ ಕೆಲಸವೂ ಬಿತ್ತು. ಬಂದ ಮೂರು ತಿಂಗಳೊಳಗೆ ಒಂದು ಕಂಪನಿಯನ್ನು ಆರಿಸಲೇಬೇಕು. ಇಲ್ಲವಾದರೆ ಸರ್ಕಾರವೇ ಒಂದನ್ನು ಆರಿಸಿ ಕೊರಳಿಗೆ ಕಟ್ಟುತ್ತದೆ. (ಮದುವೆಗೂ ಇಂಥದೊಂದು ಕಾನೂನಿದ್ದಿದ್ದರೆ ಗ್ರಾಸಿಯೆಟ ಸರ್ಕಾರವನ್ನು ಬೈಯುತ್ತಿದ್ದಳು, ನಾನು ಉಳಿಯುತ್ತಿದ್ದೆ.)

ವಿಷಯ ಇಷ್ಟೇ. ತಿಂಗಳ ಕಂತು ದಂಡಿಯಾಗಿ ಕಟ್ಟಿದರೆ ಕಾಯಿಲೆಯ ಖರ್ಚು ಬಹುಪಾಲು ಕಂಪನಿಯದು. ಕಂತು ಕಡಿಮೆಯಾದರೆ ವರ್ಷದ ಮೊದಲ ಎರಡೂವರೆ ಸಾವಿರ ಫ್ರಾಂಕಿನಷ್ಟು ಕಾಯಿಲೆ ನಮ್ಮದು, ಅದರಾಚೆಗಿನದು ಅವರದು.

"ಜಾಸ್ತೀದೇ ಕಟ್ಟು ಬೆಲ್ಮಿರೊ," ಅಂದಳು ಗ್ರಾಸಿಯೆಟ. "ನೀನು ಕೂತು ಎದ್ರೆ ಮಂಡಿ ಹಳೇ ಬಾಗಿಲಿನ ಥರ ಕಿರ್ ಅನ್ನುತ್ತೆ."

"ಸದ್ದಿಗೆಲ್ಲ ಯಾರಾದ್ರೂ ದುಡ್ಡು ಕಟ್ತಾರೇನೇ? ಅದನ್ನ ಉಳಿಸಿದ್ರೆ ಆಗಸ್ಟಲ್ಲಿ ಊರಿಗೆ ಹೋಗಬಹುದು. ನಿಮ್ಮಮ್ಮ ಕಾಯ್ತಿರ್ತಾರೆ."

ಅಮ್ಮನ ಹೆಸರು ಬಂತೆಂದರೆ ಅವಳ ಬಾಯಿ ಕಟ್ಟಿತು ಎಂದರ್ಥ. ಕಡಿಮೆ ಕಂತಿಗೆ ನಾನು ವಿಜಯೋತ್ಸಾಹದಿಂದ ರುಜು ಹಾಕಿದೆ.

ಮೇ ತಿಂಗಳಲ್ಲಿ ಯಾರದೋ ಬಚ್ಚಲುಮನೆಗೆ ಟೈಲ್ಸ್ ಕೂರಿಸುತ್ತಿದ್ದಾಗ ಸೊಂಟದ ಬಳಿ ಯಾರೋ ಉಳಿಯಿಂದ ಕೆತ್ತಿದ ಹಾಗಾಯಿತು. ಆಸ್ಪತ್ರೆಯವರು ಸ್ಕ್ಯಾನ್ ಮಾಡಿ, ಮೂತ್ರಪಿಂಡದಲ್ಲಿ ಕಲ್ಲು ಎಂದರು. ಆ ನೋವಿನಲ್ಲೂ ನನ್ನ ಬುದ್ಧಿ ಚುರುಕಾಯಿತು. ಕೆಲಸದ ಜಾಗದಲ್ಲಿ ಅಪಘಾತವಾದರೆ ಖರ್ಚು ಮಾಲೀಕರ ವಿಮೆಗೆ ಸೇರುತ್ತದಲ್ಲ!

"ಕೆಲಸದ ಹೊತ್ತಲ್ಲಿ ಕಲ್ಲಿನಿಂದ ಆಗಿದ್ದು ಮೇಡಂ," ಎಂದೆ ಕೌಂಟರಿನ ಹೆಂಗಸಿಗೆ. "ಅಪಘಾತ ಅಂತ ಬರ್ಕೊಳ್ಳಿ."

"ಕಲ್ಲು ಎಲ್ಲಿಂದ ಬಿತ್ತು?"

"ಇನ್ನೂ ಬಿದ್ದಿಲ್ಲ. ಬೀಳ್ಲಿ ಅಂತಾನೇ ನೀರು ಕುಡಿಸ್ತಾ ಇದಾರೆ."

ಆಕೆ ನಗಲಿಲ್ಲ. ಬಿಲ್ಲು ನನ್ನ ಹೆಸರಿಗೇ ಬಂತು. ಎರಡೂವರೆ ಸಾವಿರಕ್ಕೆ ಕೂದಲೆಳೆಯಷ್ಟು ಕಡಿಮೆ!

"ಇನ್ನೆರಡು ಸಲ ಕೆಮ್ಮಿದ್ರೆ ಕಂಪನಿಯವರ ಪಾಲು ಶುರುವಾಗ್ತಿತ್ತು," ಅಂದಳು ಗ್ರಾಸಿಯೆಟ. "ಯಾವ ಕೆಲಸಾನೂ ಪೂರ್ತಿ ಮಾಡಲ್ಲ ನೀನು."

ಆ ಆಗಸ್ಟಿನಲ್ಲಿ ನಾವು ಊರಿಗೆ ಹೋಗಲಿಲ್ಲ. ಅವಳು ಬಿಚ್ಚದ ಸೂಟ್‌ಕೇಸಿನ ಧೂಳು ಒರೆಸಿ ಮತ್ತೆ ಅಟ್ಟಕ್ಕೇರಿಸಿದಳು. ಬೈದಿದ್ದರೆ ಜಗಳವಾಡಿಯಾದರೂ ನನ್ನ ಮನಸ್ಸು ಹಗುರಾಗಬಹುದಿತ್ತು.

ನವೆಂಬರಿನಲ್ಲಿ ಹಟ ಹಿಡಿದು ದುಬಾರಿ ಕಂತಿಗೆ ಬದಲಾಯಿಸಿದೆ. ಜನವರಿಯಿಂದ ನನಗೆ ವಿಪರೀತ ಆರೋಗ್ಯ! ಇಡೀ ಕಟ್ಟಡವೇ ಜ್ವರದಲ್ಲಿ ಮಲಗಿದಾಗ ಒಂದೊಂದು ಮನೆಗೂ ಹೋಗಿ, ಮಂಚದ ಪಕ್ಕ ಕೂತು, ಮಾತಾಡಿಸಿ ಬಂದೆ. ನನಗೆ ಒಂದು ಸೀನೂ ಅಂಟಲಿಲ್ಲ. (ಜನ ಮಾತ್ರ ನನ್ನನ್ನು ಕರುಣಾಮಯಿ ಎಂದುಕೊಂಡರು.) ಹಾಲು ಕೊಡದ ಎಮ್ಮೆಗೆ ತಿಂಗಳು ತಿಂಗಳೂ ಹಿಂಡಿ ಹಾಕುವುದೇ ಆಯಿತು.

ಜೂನ್ ತಿಂಗಳ ಒಂದು ಬೆಳಿಗ್ಗೆ ದವಡೆ ಸಿಡಿಯತೊಡಗಿತು. ಕನ್ನಡಿಯಲ್ಲಿ ನೋಡಿದರೆ ಕೆನ್ನೆ ಬನ್ನಿನಂತೆ ಉಬ್ಬಿದೆ.

"ಗ್ರಾಸಿಯೆಟ, ಬಂತು ಕಣೇ! ಕೊನೆಗೂ ಬಂತು!"

"ಏನು ಬಂತು?"

"ಕಾಯಿಲೆ!"

ದಂತವೈದ್ಯರ ಮುಂದೆ ರಾಜನಂತೆ ಬಾಯಿ ತೆರೆದೆ. ಎರಡು ಹಲ್ಲು ಹುಳುಕಾಗಿವೆ, ಬೇರು ಸ್ವಚ್ಛ ಮಾಡಿ ಕವಚ ಹಾಕಬೇಕು ಎಂದರು. "ಏನೇನಿದೆಯೋ ಎಲ್ಲಾ ಮಾಡಿ, ಸಂಕೋಚ ಬೇಡ," ಎಂದೆ. ಎಲ್ಲ ಮುಗಿದ ಮೇಲೆ ವಿಮೆಯ ಕಾರ್ಡನ್ನು ಮೇಜಿನ ಮೇಲಿಟ್ಟೆ. ಅಲ್ಲಿದ್ದ ಹುಡುಗಿ ಅದನ್ನು ಎರಡು ಬೆರಳಲ್ಲಿ ನನ್ನ ಕಡೆಗೇ ತಳ್ಳಿದಳು.

"ಇದರಲ್ಲಿ ಹಲ್ಲು ಬರಲ್ಲ ಸರ್."

"ಹಲ್ಲು ನನ್ನ ಬಾಯೊಳಗೇ ಇದೆಯಲ್ಲಮ್ಮ!"

"ಬಾಯಿ ಬರುತ್ತೆ. ಹಲ್ಲು ಬರಲ್ಲ."

ಹಲ್ಲಿನ ಬಿಲ್ಲು ಕಟ್ಟಿ ಮಿಕ್ಕಿದ್ದ ಹಣಕ್ಕೆ ಆ ಆಗಸ್ಟಿನಲ್ಲಿ ಊರಿಗೆ ಒಂದೇ ಬಸ್ ಟಿಕೆಟ್ ಬಂತು. ಯಾರು ಹೋಗಬೇಕು ಎಂಬ ಚರ್ಚೆಯೇ ನಡೆಯಲಿಲ್ಲ. ಗ್ರಾಸಿಯೆಟ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಎರಡು ವಾರ ಆರಾಮಾಗಿ ಕಾಯಿಲೆ ಬೀಳು ಮಾರಾಯ. ಕಂತು ಕಟ್ಟಿದೀವಿ, ವೇಸ್ಟ್ ಮಾಡ್ಬೇಡ," ಅಂದಳು. ಅವಳ ಕಣ್ಣಲ್ಲಿ ನಗುವಿರಲಿಲ್ಲ.

ಮನೆಗೆ ಬಂದು ಫ್ರಿಜ್ ತೆಗೆದರೆ ಡಬ್ಬಿ ಡಬ್ಬಿ ಎಲೆಕೋಸಿನ ಸೂಪು. ನನ್ನ ದವಡೆಗೆ ಶ್ರಮವಾಗದಂತೆ ನುಣ್ಣಗೆ ರುಬ್ಬಿ, ಎರಡು ವಾರಕ್ಕಾಗುವಷ್ಟು ಮಾಡಿಟ್ಟು ಹೋಗಿದ್ದಳು. ಕಣ್ಣು ತುಂಬಿ ಬಂತು. ಬಿಸಿ ಮಾಡಿ ಒಂದು ಚಮಚ ಬಾಯಿಗಿಟ್ಟೆ.

ಒಂದು ಹರಳು ಉಪ್ಪಿರಲಿಲ್ಲ. ಇನ್ನೊಂದು ಡಬ್ಬಿ ತೆಗೆದೆ. ಅದರಲ್ಲೂ ಇಲ್ಲ. ಅಡುಗೆಮನೆಯನ್ನೆಲ್ಲ ತಡಕಿದೆ. ಉಪ್ಪಿನ ಡಬ್ಬಿಯನ್ನೂ ಅವಳು ಊರಿಗೇ ಒಯ್ದಿದ್ದಳು.