ಖಳನಾಯಕನ ಎದೆಯಲ್ಲೊಂದು ಕಿಟಕಿ

ಇಳಕಲ್ಲಿನ ಚರಿತ್ರೆ ಬರೆಯುವವರೆಲ್ಲ ಸೀರೆಯ ಬಗ್ಗೆ ಬರೆಯುತ್ತಾರೆ, ಕೆಂಪು ಕಲ್ಲಿನ ಬಗ್ಗೆ ಬರೆಯುತ್ತಾರೆ. ಹುನಗುಂದ ರಸ್ತೆಯ ಮಗ್ಗುಲಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಬಾಳಿ ಬದುಕಿದ ನನ್ನ ಡ್ರೈವ್-ಇನ್ ಚಿತ್ರಮಂದಿರದ ಬಗ್ಗೆ ಮಾತ್ರ ಇಂದಿನವರೆಗೆ ಯಾರೂ ಒಂದು ಸಾಲು ಬರೆದಿಲ್ಲ. ಪಾಪ, ಅವರಿಗೆ ಪುರಸೊತ್ತಿಲ್ಲವೆಂದು ನಾನೇ ಬರೆಯಲು ಕುಳಿತಿದ್ದೇನೆ. (ವಿಷಯ ತಿಳಿದ ನನ್ನ ಮನೆಯಾಕೆ ಸಿದ್ದಲಿಂಗವ್ವ, "ಖರೇ ಬರೀತೀರೋ, ನಿಮಗ ಬೇಕಾದಂಗ ಬರೀತೀರೋ?" ಎಂದು ಕೇಳಿದಳು. ಖರೆಯನ್ನೇ ಬರೆಯುವುದಾಗಿ ಮಾತು ಕೊಟ್ಟಿದ್ದೇನೆ. ಬರೆದದ್ದನ್ನು ಮೊದಲು ಓದುವವಳು ಆಕೆಯೇ ಆದ್ದರಿಂದ ನನಗೆ ಬೇರೆ ದಾರಿಯೂ ಇಲ್ಲ.)

ಎಪ್ಪತ್ತೆಂಟನೆಯ ಇಸವಿ ಇರಬೇಕು. ಸೀರೆಯ ಗಂಟು ಹೊತ್ತು ಮುಂಬಯಿಗೆ ಹೋಗಿದ್ದ ನನ್ನನ್ನು ಅಲ್ಲಿಯ ವ್ಯಾಪಾರಿಯೊಬ್ಬ ಸಂಜೆ ತನ್ನ ಕಾರಿನಲ್ಲಿ ಸಿನಿಮಾಕ್ಕೆ ಕರೆದೊಯ್ದ. ನೋಡುತ್ತೇನೆ, ಥಿಯೇಟರಿಗೆ ಮಾಳಿಗೆಯೇ ಇಲ್ಲ, ತಲೆಯ ಮೇಲೆ ಬರೀ ಆಕಾಶ! ಕುರ್ಚಿಗಳೂ ಇಲ್ಲ. ಜನ ತಮ್ಮ ತಮ್ಮ ಕಾರಿನಲ್ಲೇ ಕುಳಿತು, ಶೇಂಗಾ ತಿನ್ನುತ್ತ, ಎದುರಿನ ಬಿಳಿ ಪರದೆ ನೋಡುತ್ತಿದ್ದಾರೆ. ನನಗೆ ಆ ಕ್ಷಣದಲ್ಲಿ ಜ್ಞಾನೋದಯವಾಯಿತು. ಮಾಳಿಗೆ ಇಲ್ಲದ, ಕುರ್ಚಿ ಇಲ್ಲದ ಜಾಗ ನಮ್ಮ ಮನೆಯ ಹಿಂದೆಯೂ ಬೇಕಾದಷ್ಟಿದೆಯಲ್ಲ!

ಊರಿಗೆ ಬಂದವನೇ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಘೋಷಿಸಿದೆ.

"ನಮ್ಮ ಮನಿ ಹಿಂದಿನ ಬಯಲಾಗ ಡ್ರೈವ್-ಇನ್ ಥೇಟರ್ ಮಾಡ್ತೇನಿ."

"ಹಂಗಂದ್ರ?"

"ಕಾರಿನ್ಯಾಗ ಕುಂತು ಸಿನಿಮಾ ನೋಡೂದು."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ನಮ್ಮ ಊರಾಗ ಕಾರು ಎಷ್ಟದಾವು?"

"ಎರಡು."

"ಡಾಕ್ಟರದೊಂದು. ಇನ್ನೊಂದು?"

"ಬಸ್ ಸ್ಟ್ಯಾಂಡ್ ಕಡೆ ಗ್ಯಾರೇಜಿನ್ಯಾಗ ನಿಂತೈತಲ್ಲ, ಅದು."

"ಅದಕ್ಕ ಗಾಲಿ ಎಲ್ಲಿ ಅದಾವ್ರಿ?"

"ಸಿನಿಮಾ ನೋಡಾಕ ಗಾಲಿ ಯಾಕ ಬೇಕು?"

ಆಕೆ ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಬಹಳ ಸಹಜವಾಗಿ, "ಕಾರಿಲ್ಲದಿದ್ರ ಚಕ್ಕಡಿ ಅದಾವಲ್ಲ, ಅವನ್ನ ಕರೀರಿ" ಎಂದಳು.

ಮುಂದೆ ನಾನು ಊರ ತುಂಬ ನನ್ನದೆಂದು ಹೇಳಿಕೊಂಡು ತಿರುಗಿದ ಮಹಾ ಐಡಿಯಾ ಹುಟ್ಟಿದ್ದು ಹೀಗೆ, ಒಂದು ರೊಟ್ಟಿ ಬೇಯುವಷ್ಟರಲ್ಲಿ. ಅಷ್ಟೇ ಅಲ್ಲ. ಎತ್ತು ಬಿಚ್ಚಿ ಕೊಳ್ಳಹರಿದ ಚಕ್ಕಡಿ ಮುಂದಕ್ಕೆ ಬಾಗುತ್ತದೆ, ಜನ ಜಾರಿ ಬೀಳುತ್ತಾರಲ್ಲ ಎಂದು ನಾನು ತಲೆ ಕೆಡಿಸಿಕೊಂಡು ಕುಳಿತಾಗ, "ಚಕ್ಕಡಿ ಬೆನ್ನು ಸಿನಿಮಾದ ಕಡೆ ಮಾಡಿ ನಿಂದರಸ್ರಿ. ಕಾಲು ಮ್ಯಾಲೆ, ಬೆನ್ನು ಕೆಳಗ. ಸಾಹುಕಾರ್ರು ಆರಾಮ ಕುರ್ಚ್ಯಾಗ ಮಲಗಿದಂಗ ಮಲಗತಾರ" ಎಂದವಳೂ ಆಕೆಯೇ. ಮುಂಬಯಿಯ ಕಾರಿನಲ್ಲಿ ಕೂಡ ಅಂಥ ಸುಖವಿರಲಿಲ್ಲ.

ಸಿನಿಮಾ ತೋರಿಸುವ ಯಂತ್ರದ ಪ್ರಶ್ನೆಯನ್ನು ಬನಶಂಕರಿ ಜಾತ್ರೆಯ ಗಾಳಿ ಬಗೆಹರಿಸಿತು. ಅಲ್ಲಿ ಟೂರಿಂಗ್ ಟಾಕೀಸು ಹಾಕಿದ್ದ ಜಾಫರಸಾಬರ ತಂಬು ಹರಿದು ಹಾರಿಹೋಗಿತ್ತು.

"ನನ್ನ ಹತ್ರ ಮಿಷನ್ ಐತಿ, ತಂಬು ಇಲ್ರಿ ಸಾಹುಕಾರ್ರ" ಎಂದರು ಜಾಫರಸಾಬರು.

"ನನ್ನ ಹತ್ರ ಗ್ವಾಡಿ ಐತಿ, ಮಿಷನ್ ಇಲ್ಲ" ಎಂದೆ ನಾನು.

ಇಬ್ಬರು ಅರೆಬರೆ ಮನುಷ್ಯರು ಸೇರಿ ಒಂದು ಪೂರ್ಣ ಉದ್ಯಮ ಕಟ್ಟಿದೆವು. ಗೋಡೆ ಎಂದರೆ ನಮ್ಮ ಮನೆಯ ಹಿಂಗೋಡೆ. ಎತ್ತರ, ಅಗಲ ಎಲ್ಲ ದೇವರು ಸಿನಿಮಾಕ್ಕೆಂದೇ ಅಳೆದು ಕಟ್ಟಿಸಿದಂತಿತ್ತು. ಸುಣ್ಣ ಬಳಿಸಿದೆ. ದೂರ ನಿಂತು ನೋಡಿದ ಜಾಫರಸಾಬರು ಗಡ್ಡ ಕೆರೆದುಕೊಂಡರು.

"ನಟ್ಟನಡುವ ಅದೇನ್ರಿ ಕರ್ರಗ?"

ಅದು ಸಿದ್ದಲಿಂಗವ್ವನ ಅಡುಗೆಮನೆಯ ಕಿಟಕಿ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾಜೂಕಾಗಿ ಮಾತು ತೆಗೆದೆ. "ಆ ಕಿಡಕಿ ಮುಚ್ಚಿಸಿಬಿಡೂಣೇನು?"

"ಮುಚ್ಚಸ್ರಿ. ಹೊಗಿ ಎಲ್ಲಿಂದ ಹೋಗಬೇಕು? ನನ್ನ ಮೂಗಿನಿಂದೇನು?"

"ಕಲಾ ಸೇವಾಕ್ಕ ಒಂದೀಟು ತ್ಯಾಗ…"

"ಕಲಾನ ನಿಮಗ ರೊಟ್ಟಿ ಬಡದು ಹಾಕೂದಾದ್ರ ಇವತ್ತ ಮುಚ್ಚಸ್ರಿ."

ಕೊನೆಗೆ ಒಂದು ಸಂಧಾನವಾಯಿತು. ಕಿಟಕಿ ಇರತಕ್ಕದ್ದು, ಬಾಗಿಲಿಗೆ ಹೊರಗಿನಿಂದ ಬಿಳಿ ಬಣ್ಣ ಬಳಿಯತಕ್ಕದ್ದು, ಆಟ ನಡೆಯುವಾಗ ಅದನ್ನು ತೆರೆಯತಕ್ಕದ್ದಲ್ಲ. ಬಣ್ಣ ಬಳಿದೆವು. ಬಾಗಿಲಿನ ಹೊರ ಹಿಡಿಕೆ ಮಾತ್ರ ಅಡಗಲಿಲ್ಲ. ನಮ್ಮ ಥಿಯೇಟರಿನಲ್ಲಿ ಯಾವ ಪಾತ್ರಧಾರಿಯ ಮುಖ ದೊಡ್ಡದಾಗಿ ಬಂದರೂ ಗದ್ದದ ಮೇಲೆ ಒಂದು ಕರಿ ಮಚ್ಚೆ ತಪ್ಪುತ್ತಿರಲಿಲ್ಲ.

ಮೊದಲ ದಿನ ಹೊತ್ತು ಮುಳುಗುವ ಮೊದಲೇ ಚಕ್ಕಡಿಗಳು ಸಾಲುಗಟ್ಟಿದವು. ಡಾಕ್ಟರರ ಕಾರು ಬಂತು. ಗೌರವದಿಂದ ಮುಂದೆ ನಿಲ್ಲಿಸಿದೆ. (ಒಳಗೆ ಕುಳಿತರೆ ಸೆಕೆ ಎಂದು ಡಾಕ್ಟರರು ಪಕ್ಕದ ಚಕ್ಕಡಿ ಹತ್ತಿ ಮಲಗಿದರು.) ಗುಡೂರಿನ ಹೊಳಬಸಪ್ಪ ಟ್ರ್ಯಾಕ್ಟರ್ ತಂದ. ಅದರ ಹಿಂದಿನ ಟ್ರೇಲರಿನಲ್ಲಿ ಅವನ ಓಣಿಗೆ ಓಣಿಯೇ ನಿಂತಿತ್ತು.

"ಇದೇನಪಾ ಇಷ್ಟು ಮಂದಿ?"

"ಗಾಡಿಗೊಂದು ಟಿಕೀಟು ಅಂತ ಬೋರ್ಡ್ ಹಾಕಿದವರು ನೀವ ಅಲ್ಲೇನ್ರಿ ಅಂದಪ್ಪಣ್ಣ? ಇದು ಒಂದ ಗಾಡಿ."

ಆಟ ಶುರುವಾಯಿತು. ಚಿತ್ರದಲ್ಲಿ ನಾಯಕನ ತಾಯಿ ಬಡವಿ. ಮನೆಯಲ್ಲಿ ಕಾಳಿಲ್ಲ, ಒಲೆ ಹೊತ್ತಿಲ್ಲ, ಮಗ ಹಸಿದು ಮಲಗಿದ್ದಾನೆ. ಕಲ್ಲು ಕರಗುವ ಆ ಹೊತ್ತಿಗೆ ಸರಿಯಾಗಿ ಪರದೆಯ ಹಿಂದಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿತು. ಬೆನ್ನಿಗೇ ಎಣ್ಣೆಗಾಯಿ ಬದನೆಕಾಯಿಯ ಪರಿಮಳ ತೇಲಿ ಬಂತು. ಆ ತಾಯಿ ಉಪವಾಸವಿದ್ದಾಳೆಂದು ಒಬ್ಬರೂ ನಂಬಲಿಲ್ಲ.

"ಸುಳ್ಳ ಹೇಳಾಕತ್ತಾಳ ಮುದಿಕಿ! ಒಳಗ ಬದನೀಕಾಯಿ ಮಾಡ್ಯಾಳ!" ಎಂದು ಟ್ರೇಲರಿನಿಂದ ಯಾರೋ ಕೂಗಿದರು.

ಅದನ್ನೂ ಸಹಿಸಿಕೊಂಡೆ. ಮಧ್ಯಂತರದ ನಂತರ ಖಳನಾಯಕ ಬಂದ. ಗೋಡೆ ತುಂಬ ಅವನೇ. ಕಠಾರಿ ಎತ್ತಿ, "ಎಲ್ಲಿದ್ದಾನೆ ನಿನ್ನ ಮಗ?" ಎಂದು ಗರ್ಜಿಸಿದ. ಆಗ ಅವನ ಎದೆಯ ನಡುವೆ ಎರಡು ಬಾಗಿಲು ಧಡಾರನೆ ತೆರೆದುಕೊಂಡವು. ಎದೆಯೊಳಗೆ ದೀಪ ಉರಿಯುತ್ತಿತ್ತು. ಸೆರಗು ಹೊದ್ದ ಸಿದ್ದಲಿಂಗವ್ವ ಕುತ್ತಿಗೆ ಹೊರಗೆ ಹಾಕಿ ಕೂಗಿದಳು:

"ಏನ್ರೀ! ಊಟಕ್ಕ ಬರ್ತೀರೋ ಇಲ್ಲೋ? ರೊಟ್ಟಿ ಆರಿ ಹೋಗಾಕತ್ತಾವು!"

ಬಯಲಿಗೆ ಬಯಲೇ ಎದ್ದು ಕುಣಿಯಿತು. ಶಿಳ್ಳೆಗೆ ಬೆದರಿ ಎತ್ತುಗಳೂ ಕೂಗಿಕೊಂಡವು. ಖಳನಾಯಕ ಮುಂದೆ ಏನು ಹೇಳಿದನೋ ದೇವರಿಗೇ ಗೊತ್ತು.

ಮನೆಯೊಳಗೆ ಹೋಗಿ ನಾನೂ ಗರ್ಜಿಸಿದೆ. (ಕಠಾರಿ ಇರಲಿಲ್ಲ.) "ಮಾನ ಕಳದಿ! ಇನ್ನೊಮ್ಮೆ ಕಿಡಕಿ ತಗದಿ ಅಂದ್ರ ನೋಡು!"

"ಆತು ಬಿಡ್ರಿ, ತಗಿಯೂದಿಲ್ಲ" ಎಂದಳು. ಮರುದಿನ ಖರೆಯೇ ತೆಗೆಯಲಿಲ್ಲ.

ಮರುದಿನ ಚಕ್ಕಡಿಗಳು ಇಮ್ಮಡಿಯಾದವು. ರಾಮಥಾಳದಿಂದಲೂ ಬಂದಿದ್ದವು. ನನ್ನ ಆಡಳಿತ ಕೌಶಲ್ಯದ ಫಲವೆಂದು ಮೀಸೆ ತಿರುವಿದೆ. ಖಳನಾಯಕ ಬಂದ, ಗರ್ಜಿಸಿದ, ಏನೂ ಆಗಲಿಲ್ಲ. ಜನ ಗುಸುಗುಸು ಅಂದರು. ಆಮೇಲೆ ಚಕ್ಕಡಿಯ ಹಲಗೆ ಬಡಿಯುತ್ತ, "ಕಿಡಕಿ! ಕಿಡಕಿ!" ಎಂದು ಒಕ್ಕೊರಲಿನಿಂದ ಕೂಗತೊಡಗಿದರು. ಜಾಫರಸಾಬರು ಯಂತ್ರದ ಪಕ್ಕದಿಂದ ನನ್ನತ್ತ ಬಗ್ಗಿ, "ಅಕ್ಕಾರ್ನ ಕರೀರಿ ಸಾಹುಕಾರ್ರ, ಇಲ್ಲಾಂದ್ರ ಟಿಕೀಟು ತಿರುಗಿ ಕೇಳತಾರ" ಎಂದರು.

ಒಳಗೆ ಓಡಿ ಕೈ ಮುಗಿದೆ. ಹಿಂದಿನ ರಾತ್ರಿ ಗರ್ಜಿಸಿದ ಬಾಯಿಂದಲೇ, "ಒಂದ ಸಲ ತಗೀಯವ್ವ" ಎಂದೆ.

"ನಾ ಏನ್ ಆಡೂ ಗೊಂಬಿ ಏನ್ರಿ, ಕೀಲಿ ಕೊಟ್ಟಾಗ ತಗಿಯಾಕ?" ಎಂದಳು. "ತಗಿಬೇಕು ಅನಿಸಿದ್ರ ತಗೀತೇನಿ."

ಆಕೆಗೆ ಅನಿಸುತ್ತ ಹೋಯಿತು. ಅದೇ ಚಿತ್ರ ವಾರವಿಡೀ ಓಡುತ್ತಿದ್ದುದರಿಂದ, ಗೋಡೆಯ ಆಚೆ ಅಡುಗೆ ಮಾಡುತ್ತಲೇ ಕಥೆಯೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಖಳನಾಯಕ ನಾಯಕಿಗೆ ಮರುಳು ಮಾತು ಹೇಳುತ್ತಿದ್ದಾಗ ಕಿಟಕಿ ತೆರೆದು, "ಏ ತಂಗಿ, ಅವನ್ನ ನಂಬಬ್ಯಾಡ! ನಿಮ್ಮಪ್ಪನ ಹಾಲಿನ್ಯಾಗ ವಿಷ ಹಾಕಿದಾಂವ ಅವನ!" ಎಂದು ಎಚ್ಚರಿಸಿ ಬಾಗಿಲು ಹಾಕಿಕೊಂಡಳು. ಬಯಲು ಚಪ್ಪಾಳೆಯಿಂದ ನಡುಗಿತು. ನಾಯಕ ನಿರುದ್ಯೋಗಿಯೆಂದು ಅತ್ತಾಗ, "ಇಳಕಲ್ಲಿಗೆ ಬಾ, ಮಗ್ಗದ ಮುಂದ ಕುಂದರಸ್ತೇನಿ" ಎಂದಳು. ಬರೆದು ಕೊಟ್ಟವರಿಲ್ಲ, ಹೇಳಿ ಕೊಟ್ಟವರಿಲ್ಲ. ಮಾತು ಎಲ್ಲಿ ಬೀಳಬೇಕೋ ಅಲ್ಲಿಯೇ ಬೀಳುತ್ತಿತ್ತು. ಇಷ್ಟು ವರ್ಷ ನನ್ನೊಬ್ಬನ ಮೇಲೆ ವ್ಯರ್ಥವಾಗುತ್ತಿದ್ದ ಪ್ರತಿಭೆ ಅದು. ಚಿತ್ರ ಬದಲಾಯಿತು, ಕಿಟಕಿ ಬದಲಾಗಲಿಲ್ಲ. ಬೇಸಿಗೆಯಿಡೀ ಬಯಲು ತುಂಬಿಯೇ ಇತ್ತು.

ಒಂದು ರಾತ್ರಿ ಭಾಂಡೆ ತೊಳೆಯುತ್ತ ಕೇಳಿದಳು: "ಅಲ್ರಿ, ಆ ಹುಡಿಗಿ ನೋಡಾಕ ಹೆಂಗದಾಳ?"

"ಯಾವ ಹುಡಿಗಿ?"

"ಸಿನಿಮಾದಾಕಿ. ದಿನಾ ನಾನ ಬುದ್ಧಿ ಹೇಳತೇನಿ, ಮಾರಿ ನೋಡಿಲ್ಲ. ಕಿಡಕಿ ತಗದ್ರ ಮಿಷನ್ನಿನ ಬೆಳಕು ಕಣ್ಣಿಗೆ ಹೊಡೀತೈತಿ. ಎಲ್ಲಾರೂ ನೋಡಿದ್ರು, ನಾ ಬರೇ ಕೇಳೇನಿ."

ಊರಿಗೆಲ್ಲ ಸಿನಿಮಾ ತೋರಿಸಿದ ಮನೆಯಲ್ಲಿ ಸಿನಿಮಾ ನೋಡದೆ ಉಳಿದವಳು ಆಕೆಯೊಬ್ಬಳೇ!

"ನಾಳೆ ಮುಂದಿನ ಚಕ್ಕಡ್ಯಾಗ ಕುಂತು ನೋಡು" ಎಂದೆ, ಉದಾರವಾಗಿ.

"ರೊಟ್ಟಿ?"

"ನಾ ಮಾಡ್ತೇನಿ."

"ಕಿಡಕಿ?"

"ಅದೂ ನಾನ."

ಉದಾರತೆಯ ಒಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆಂಬುದನ್ನು ಮುಚ್ಚಿಡಲಾರೆ. ಅಡುಗೆ ಮಾಡುವ ಹೆಂಗಸು ತಲೆ ಹೊರಗೆ ಹಾಕಿದರೇ ಇಷ್ಟು ಚಪ್ಪಾಳೆ. ಸಾಕ್ಷಾತ್ ಥಿಯೇಟರ್ ಮಾಲಕನೇ ದರ್ಶನ ಕೊಟ್ಟರೆ? ಹಗಲೆಲ್ಲ ಕನ್ನಡಿಯ ಮುಂದೆ ನಿಂತು, "ಎಲೈ ದುರುಳನೇ" ಎಂದು ಶುರುವಾಗುವ ಒಂದು ಪ್ರಚಂಡ ಭಾಷಣವನ್ನು ಗಟ್ಟಿ ಮಾಡಿಕೊಂಡೆ.

ಸಂಜೆ ಸಿದ್ದಲಿಂಗವ್ವ ತನ್ನ ಮದುವೆಯ ಟೋಪ ಸೆರಗಿನ ಇಳಕಲ್ ಸೀರೆಯುಟ್ಟು ಮುಂದಿನ ಚಕ್ಕಡಿಯಲ್ಲಿ ರಾಣಿಯಂತೆ ಕುಳಿತಳು. ನಾನು ಒಲೆಯ ಮುಂದೆ ಕುಳಿತೆ. ಹಿಟ್ಟು ಕೈಗೆ ಅಂಟಿತು. ಕೈಯಿಂದ ಬಿಡಿಸಿದ್ದು ಹಂಚಿಗೆ ಅಂಟಿತು. ಹಂಚಿನಿಂದ ಹೊಗೆ ಎದ್ದಿತು. ಹೊರಗೆ ನಾಯಕಿ ಪ್ರೇಮಗೀತೆ ಹಾಡುತ್ತಿದ್ದಳು. ಒಳಗೆ ನನ್ನ ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಒಲೆ ಊದಿದೆ; ಬೂದಿಯೆಲ್ಲ ಮುಖಕ್ಕೆ ಬಂತು. ಉಸಿರು ಕಟ್ಟಿತು. ತಡವರಿಸುತ್ತ ಚಿಲಕ ಹುಡುಕಿ ಕಿಟಕಿ ತೆರೆದೆ.

ಹಾಡುತ್ತಿದ್ದ ನಾಯಕಿಯ ಬಾಯಿಯಿಂದ ಕರ್ರಗಿನ ಹೊಗೆ ಗಪ್ಪನೆ ಹೊರಬಿತ್ತು. ಅದರ ಹಿಂದೆ ನಾನು ಬಂದೆ. "ಎಲೈ ದುರುಳ" ಎಂದು ಶುರು ಮಾಡಬೇಕಿತ್ತು, ಬಂದದ್ದು ಕೆಮ್ಮು.

"ಬೆಂಕಿ ಬಿದ್ದೈತಲೇ! ಓಡ್ರಿ!"

ನಮ್ಮ ಕಡೆಯ ರೈತರು ಸಿನಿಮಾ ನೋಡುತ್ತ ಕೂಡುವವರಲ್ಲ. ಎತ್ತುಗಳಿಗೆಂದು ಇಟ್ಟಿದ್ದ ಪೀಪಾಯಿಗಳಿಂದ ಬಕೆಟ್ಟು ಬಕೆಟ್ಟು ನೀರು ತಂದು ಗೋಡೆಗೆ ಎರಚಿದರು, ಕಿಟಕಿಗೆ ಎರಚಿದರು, ಕಿಟಕಿಯಲ್ಲಿದ್ದ ನನಗೂ ಎರಚಿದರು. ಸುಣ್ಣವೆಲ್ಲ ಕರಗಿ ಇಳಿಯಿತು. "ಕರಂಟಿನಿಂದ ಹತ್ತಿರಬೇಕು, ಮೊದಲ ಮಿಷನ್ ಆರಸ್ರಿ!" ಎಂದ ಹೊಳಬಸಪ್ಪ, ಜಾಫರಸಾಬರು ತಡೆಯುವಷ್ಟರಲ್ಲಿ ಒಂದು ತುಂಬಿದ ಬಕೆಟ್ಟನ್ನು ಯಂತ್ರದ ಮೇಲೆ ಬೋರಲು ಹಾಕಿದ. ಟಪ್ಪೆಂದಿತು. ನನ್ನ ಚಿತ್ರಮಂದಿರದ ಇತಿಹಾಸ ಅಲ್ಲಿಗೆ ಮುಗಿಯಿತು. ಜಾಫರಸಾಬರು ಯಂತ್ರ ರಿಪೇರಿಗೆಂದು ಬಾಗಲಕೋಟೆಗೆ ಹೋದರು. ಅವರು ತಿರುಗಿ ಬರುವ ಮೊದಲು ಮುಂಗಾರು ಬಂತು.

ಕತ್ತಲಲ್ಲಿ, ತೊಟ್ಟಿಕ್ಕುತ್ತ, ಕಿಟಕಿಯಲ್ಲೇ ನಿಂತಿದ್ದೆ. ಮುಂದಿನ ಚಕ್ಕಡಿಯಲ್ಲಿ, ಯಾರದೋ ಕಂದೀಲಿನ ಬೆಳಕಿನಲ್ಲಿ, ಸಿದ್ದಲಿಂಗವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಕೆ ಹಾಗೆ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಸಿನಿಮಾ ಪೂರಾ ನೋಡಾಕ ಆಗಲಿಲ್ಲಲ್ಲ ನಿನಗ" ಎಂದೆ, ನಾಚಿಕೆಯಿಂದ.

"ಕೊನಿ ಗೊತ್ತೈತಿ ಬಿಡ್ರಿ, ದಿನಾ ಕೇಳೇನಿ" ಎಂದಳು ಕಣ್ಣೊರೆಸಿಕೊಳ್ಳುತ್ತ. "ನಡುವಿಂದು ಇದೊಂದು ಗೊತ್ತಿರಲಿಲ್ಲ."

ಈಗ ಹತ್ತು ವರ್ಷವಾಯಿತು. ಮನೆಮನೆಗೆ ಟೀವಿ ಬಂದಿದೆ. ಆದರೂ ಮೊನ್ನೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ನಿಂತಿದ್ದಾಗ ಒಬ್ಬ ಅಜ್ಜ ಸಿದ್ದಲಿಂಗವ್ವನನ್ನು ನೋಡಿದವನೇ ಕೈ ಮುಗಿದು, "ಶರಣ್ರೀ ಕಿಡಕಿ ಅಕ್ಕಾರ!" ಎಂದ. ಊರಿನ ಕ್ಷೇಮ, ಬದನೆಕಾಯಿಯ ಕ್ಷೇಮ ಎಲ್ಲ ವಿಚಾರಿಸಿದ. ಪಕ್ಕದಲ್ಲಿ ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದ ಮಾಲಕನ ಕಡೆ ತಿರುಗಿಯೂ ನೋಡಲಿಲ್ಲ. ಹೋಗುವಾಗ ನೆನಪಾದಂತೆ ನನ್ನನ್ನೇ ಕೇಳಿದ:

"ಹೌದ್ರಿ, ಕಡೀ ದಿನ ಕಿಡಕ್ಯಾಗ ಒಬ್ಬ ಮಸಿ ಹತ್ತಿದ ಮುದುಕ ಕೆಮ್ಮಿದ್ನಲ್ಲ, ಅವನ್ಯಾರು? ಪಾರ್ಟ್ ಸಣ್ಣದಿದ್ರೂ ಭಾಳ ಛಲೋ ಮಾಡಿದ್ದ."

"ಯಾರೋ ಗೊತ್ತಿಲ್ರಿ" ಎಂದೆ.

(ಈ ಬಸ್ ಸ್ಟ್ಯಾಂಡಿನ ಪ್ರಸಂಗವನ್ನು ನಾನು ಬಿಟ್ಟಿದ್ದೆ. ಓದಿ ನೋಡಿ ಆಕೆ ಬರೆಸಿದಳು.)